ಮೊದಲು ಮೊಬೈಲ್ ಬೋರಲು ಹಾಕಿ

ನಮಸ್ಕಾರ. ಕೊಪ್ಪಳದಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಮೊನ್ನೆ ಒಬ್ಬ ಹುಡುಗಿ ಡಿಕ್ಷನರಿ ಹಿಡಿದುಕೊಂಡು ಬಂದಳು. "ಸರ್, ಪಿಕಿಟಪ್ ಅನ್ನೋ ಪದ ಇದರಾಗ ಸಿಗವಲ್ದು" ಅಂದಳು. ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲೇ ಬರೆದು, ಪಕ್ಕದಲ್ಲಿ ಎರಡು ಪ್ರಶ್ನೆ ಚಿಹ್ನೆ ಹಾಕಿದ್ದಳು.

ಪಿಕ್, ಇಟ್, ಅಪ್. ಮೂರೂ ಅವಳಿಗೆ ಗೊತ್ತಿರುವ ಪದಗಳೇ. ಕಾಗದದ ಮೇಲೆ ಕಂಡಿದ್ದರೆ ತಟ್ಟನೆ ಅರ್ಥ ಹೇಳುತ್ತಿದ್ದಳು. ಕಿವಿಗೆ ಬಿದ್ದಾಗ ಗುರುತೇ ಸಿಗಲಿಲ್ಲ.

ನಮ್ಮ ಮಾತೂ ಹೀಗೇ ಅಲ್ವಾ? ಮೈಸೂರಿನವರು ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಇಳಿದು "ಏನ್ ಮಾಡಾಕತ್ತಿ?" ಅನ್ನೋದನ್ನು ಕೇಳಿದರೆ ಒಂದು ಗಳಿಗೆ ತಡವರಿಸುತ್ತಾರೆ. ಊರು ಮತ್ತು ಅಲ್ಲಿ ಸೇರಿ ಊರಲ್ಲಿ ಆಗುತ್ತದೆ, ಲೋಪಸಂಧಿ ಅಂತ ನಾವೇ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಇಂಗ್ಲಿಷಿನವರ ಬಾಯಲ್ಲೂ ಪದಗಳು ಹಾಗೇ ಕೂಡಿಕೊಳ್ಳುತ್ತವೆ, ಸವೆಯುತ್ತವೆ. ಬ್ರೆಡ್ ಆ್ಯಂಡ್ ಬಟರ್ ಅನ್ನುವಾಗ ನಡುವಿನ ಪದದಲ್ಲಿ ಬರೀ "ನ್" ಉಳಿಯುತ್ತದೆ. ಬರವಣಿಗೆಯಲ್ಲಿ ಇದು ಕಾಣುವುದಿಲ್ಲ. ಅದಕ್ಕೇ ಕೇಳಿಯೇ ಕಲಿಯಬೇಕು.

ಹಾಗಾದರೆ ವಿಡಿಯೊ ಹಾಕಿದರೆ ಸಾಕಾ? ಸಾಲದು. ನಾನೇ ಹಿಂದೆ ಇಪ್ಪತ್ತು ನಿಮಿಷದ ವಿಡಿಯೊ ಪೂರ್ತಿ ತೋರಿಸಿದ್ದೆ. ಆಮೇಲೆ ಕೇಳಿದರೆ ಮಕ್ಕಳು ಕಾರಿನ ಬಣ್ಣ ಹೇಳಿದರು, ನಾಯಿ ಓಡಿದ್ದು ಹೇಳಿದರು. ಮಾತು ಒಂದೂ ನೆನಪಿರಲಿಲ್ಲ. ಕೆಳಗೆ ಸಬ್‌ಟೈಟಲ್ ಇದ್ದರಂತೂ ಅದು ಓದುವ ಪಾಠವಾಗಿಬಿಡುತ್ತದೆ.

ಈಗ ನಾನು ಮೂವತ್ತು ಸೆಕೆಂಡಿನ ತುಣುಕು ಮಾತ್ರ ತಗೊಳ್ಳುತ್ತೇನೆ. ಮೊಬೈಲ್ ಬೋರಲು ಹಾಕಿ, ಸಣ್ಣ ಸ್ಪೀಕರ್‌ಗೆ ಜೋಡಿಸುತ್ತೇನೆ. ಮೊದಲ ಸಲ ಸುಮ್ನೆ ಕೇಳೋದು. ಯಾರು ಮಾತಾಡಿದರು, ಸಿಟ್ಟಿದೆಯಾ, ಅಂಗಡಿಯಾ, ಮನೆಯಾ? ಎರಡನೇ ಸಲ ಸಿಕ್ಕ ಪದ ಬರೆದುಕೊಳ್ಳೋದು. ಆಮೇಲೆ ಚಿತ್ರ. ಕೈ, ತುಟಿ, ಮುಖ ಕಂಡಾಗ ಅರ್ಧ ಸಿಕ್ಕಿದ್ದು ಪೂರ್ತಿ ಸಿಗುತ್ತದೆ. ಸಬ್‌ಟೈಟಲ್ ಕೊನೆಗೆ. ಅದನ್ನು ನೋಡಿ ತಪ್ಪು ತಿದ್ದಿಕೊಂಡ ಮೇಲೆ ಮತ್ತೆ ಬರೀ ಧ್ವನಿ. ಯೂಟ್ಯೂಬಿನಲ್ಲಿ ವೇಗ 0.75ಕ್ಕೆ ಇಳಿಸಬಹುದು, ಆದರೆ ಪದ ಎಲ್ಲಿ ಕೂಡಿದೆ ಅಂತ ಹುಡುಕೋದಕ್ಕಷ್ಟೇ. ಮಾಮೂಲಿ ವೇಗಕ್ಕೆ ವಾಪಸ್ ಬರಲೇಬೇಕು, ಎದುರಿಗಿರುವವರು ನಮಗಾಗಿ ನಿಧಾನ ಮಾಡುವುದಿಲ್ಲ. ತೀರಾ ಚಿಕ್ಕ ಮಕ್ಕಳಿಗೆ ಮಾತ್ರ ಚಿತ್ರ ಮೊದಲು ಬೇಕು.

ಕೆಲವರು ತರಗತಿಯಲ್ಲೂ ಒಂದೇ ಸಲ ಕೇಳಿಸುತ್ತಾರೆ. ಹೊರದೇಶಕ್ಕೆ ಹೋಗುವವರು ಬರೆಯುವ ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆಯಲ್ಲಿ, ಕೇಳುವ ಭಾಗದ 40 ಪ್ರಶ್ನೆಗೂ ಆಡಿಯೊ ಒಂದೇ ಸಲ ಬರುತ್ತದೆ, ನಿಜ. ಆದರೆ ಅದು ಪರೀಕ್ಷೆ. ಕಲಿಸುವಾಗ ಹತ್ತು ಸಲ ಕೇಳಿಸಿದರೂ ತಪ್ಪಿಲ್ಲ.

ನನಗೆ ಇದು ಇಷ್ಟು ಯಾಕೆ ಮುಖ್ಯ ಅಂದರೆ, ನನ್ನ ಮೊದಲ ಕೆಲಸದ ಸಂದರ್ಶನ ಫೋನಿನಲ್ಲಿ ನಡೆದಿತ್ತು. ಇಂಗ್ಲಿಷಿನಲ್ಲಿ ನನಗೆ ಒಳ್ಳೆಯ ಅಂಕ ಇತ್ತು. ಆ ಕಡೆಯವರು ಕೇಳಿದ ಪ್ರಶ್ನೆಯೇ ತಿಳಿಯಲಿಲ್ಲ. ಮೂರನೇ ಸಲ "ಸಾರಿ?" ಅಂದಾಗ ಫೋನ್ ಇಟ್ಟುಬಿಟ್ಟರು. ಈ ಭಾಗದ ಮಕ್ಕಳಿಗೆ ಹಾಗಾಗಬಾರದು.

ಕಳೆದ ಶನಿವಾರ ಎಲ್ಲರೂ ಕೊಪ್ಪಳ ಸ್ಟೇಷನ್‌ಗೆ ಹೋಗಿ ರೈಲಿನ ಅನೌನ್ಸ್‌ಮೆಂಟ್ ರೆಕಾರ್ಡ್ ಮಾಡಿಕೊಂಡು ಬಂದೆವು. ಅದೇ ಸುದ್ದಿ ಕನ್ನಡದಲ್ಲೂ ಇರುವುದರಿಂದ ವಿಷಯ ಮೊದಲೇ ಗೊತ್ತಿರುತ್ತದೆ, ಕಿವಿ ಪದಗಳ ಕಡೆ ಹೋಗುತ್ತದೆ. ಮೊದಲ ಸಲ "ಪ್ಲಾಟ್‌ಫಾರ್ಮ್" ಒಂದೇ ಸಿಕ್ಕಿತು. ನಾಲ್ಕನೇ ಸಲಕ್ಕೆ ಅದೇ ಹುಡುಗಿ ಎದ್ದು ಬೋರ್ಡಿನ ಮೇಲೆ "ಇಸರೈವಿಂಗ್" ಅಂತ ಬರೆದಳು. ಒಂದು ಗಳಿಗೆ ನೋಡಿ, ನಡುವೆ ತಾನೇ ಗೆರೆ ಎಳೆದಳು.