ಮೋಡೆಮ್ ಅವರದ್ದು, ಮನೆ ನಮ್ಮದು

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ಖುಷಿಯಾಯ್ತು. ಗುಡುಗು ಶುರುವಾದರೆ ಮೋಡೆಮ್ ಪ್ಲಗ್ ಕೀಳಬೇಕು ಅಂತ ಶಿವಮೊಗ್ಗ ಜಿಲ್ಲೆಯಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ, ಸಣ್ಣ ಮಕ್ಕಳೂ ಓಡಿ ಹೋಗಿ ಕೀಳುತ್ತವೆ. ಆದರೆ ಗುಡುಗಿಲ್ಲದ ದಿನ ಅದೇ ವೈರಿನಲ್ಲಿ ಬರುವ ಅಪಾಯದ ಬಗ್ಗೆ ನಮಗೆ ಯಾರೂ ಹೇಳಿಲ್ಲ. ಹೇಳಬೇಕಾದವರು ಮೋಡೆಮ್ ಕೊಟ್ಟ ಕಂಪನಿಯವರು. ಈ ಮಾತನ್ನು ಇವತ್ತು ಮತ್ತೆ ಮತ್ತೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ತೀರ್ಥಹಳ್ಳಿ ಹತ್ತಿರ ನಮ್ಮ ಚಿಕ್ಕಪ್ಪನ ಮಗ ಹೋಂಸ್ಟೇ ನಡೆಸುತ್ತಾನೆ. ಜಗಲಿ ಗೋಡೆಯಲ್ಲಿ ಅಡಿಕೆ ಮಂಡಿಯವರ ಕ್ಯಾಲೆಂಡರ್, ಅದರ ಪಕ್ಕದಲ್ಲೇ ಮೋಡೆಮ್. ಬಂದವರೆಲ್ಲ ಕೇಳ್ತಾರೆ ಅಂತ ವೈಫೈ ಪಾಸ್‌ವರ್ಡನ್ನು ರಟ್ಟಿನ ಮೇಲೆ ಬರೆದು ನೇತು ಹಾಕಿದ್ದಾನೆ. ಅದು ಸರಿ. ನಾನು ಅವನನ್ನೇ ಕೇಳಿ, ಅಲ್ಲೇ ಕೂತು, ಫೋನಿನ ಬ್ರೌಸರಿನಲ್ಲಿ 192.168.1.1 ಅಂತ ಹೊಡೆದೆ, ಅದು ಮೋಡೆಮ್‌ನ ಸೆಟ್ಟಿಂಗ್ ಪುಟದ ವಿಳಾಸ. ಹೆಸರು ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. ಬಾಗಿಲು ತೆರೆದೇ ಬಿಡ್ತು! ಡಿಎನ್‌ಎಸ್ ಅನ್ನೋ ಎರಡು ಸಾಲು ತೋರಿಸಿದೆ. ನಾವು ಬ್ಯಾಂಕಿನ ವಿಳಾಸ ಹೊಡೆದಾಗ ಅದು ಯಾವ ಸರ್ವರಿಗೆ ಹೋಗಬೇಕು ಅಂತ ಹೇಳುವುದು ಆ ಸಾಲುಗಳೇ. ರಾತ್ರಿ ಉಳಿದು ಹೋದ ಯಾರೋ ಒಬ್ಬ ಅದನ್ನು ಬದಲಾಯಿಸಿದರೆ ಇಡೀ ಮನೆಯವರು ನಕಲಿ ಸೈಟಿಗೆ ಹೋಗಿ ಕೂರಬಹುದು. ಬ್ರೆಜಿಲ್‌ನಲ್ಲಿ ಹಾಗೇ ಆಯ್ತು. ಸುಮಾರು 45 ಲಕ್ಷ ಮೋಡೆಮ್‌ಗಳಲ್ಲಿ ಡಿಎನ್‌ಎಸ್ ಬದಲಾಗಿತ್ತು ಅಂತ 2012ರಲ್ಲಿ ಬಯಲಾಯ್ತು, ಅದನ್ನೂ ದೂರದಿಂದಲೇ ಮಾಡಿದ್ದರು.

ನಮ್ಮ ಹುಡುಗ ಏನಂದ ಗೊತ್ತಾ? "ಅಣ್ಣಾ, ಕನೆಕ್ಷನ್ ಕೊಡೋಕೆ ಬಂದವರು ಏನೂ ಮುಟ್ಟಬೇಡಿ, ನೆಟ್ ಹೋಗುತ್ತೆ ಅಂದಿದ್ರು."

ನೋಡಿ, ಮುಟ್ಟಬೇಡಿ ಅನ್ನುವುದೂ ಅವರೇ. ಆಮೇಲೆ ಏನಾದರೂ ಆದರೆ ಪಾಸ್‌ವರ್ಡ್ ಯಾಕೆ ಬದಲಾಯಿಸಲಿಲ್ಲ ಅಂತ ಕೇಳುವುದೂ ಅವರೇ. 2016ರಲ್ಲಿ ಕ್ಯಾಮೆರಾ, ಮೋಡೆಮ್‌ಗಳಿಗೆಲ್ಲ ನುಗ್ಗಿದ ಮಿರಾಯ್ ಅನ್ನೋ ಮಾಲ್‌ವೇರ್, ಅಂದರೆ ಕೇಡು ಮಾಡುವ ಸಾಫ್ಟ್‌ವೇರ್, ನೆನಪಿದೆಯಲ್ಲ, ಅದರ ಬಂಡವಾಳ ಇಂಥ ಸುಮಾರು 60 ಜೋಡಿ ಹೆಸರು-ಪಾಸ್‌ವರ್ಡ್. 2017ರ ಜುಲೈಯಲ್ಲಿ ಬಿಎಸ್ಎನ್ಎಲ್‌ನ ಸಾವಿರಾರು ಮೋಡೆಮ್‌ಗಳಿಗೆ ಮಾಲ್‌ವೇರ್ ಹೊಡೆದಾಗಲೂ ಗ್ರಾಹಕರಿಗೆ ಹೇಳಿದ್ದು ಪಾಸ್‌ವರ್ಡ್ ಬದಲಾಯಿಸಿ ಅಂತಲೇ.

ಬದಲಾಯಿಸಿದರೆ ಸಾಕಾ? ಸಾಲದು. ನನಗೆ ಅತಿ ಜಾಸ್ತಿ ಸಿಟ್ಟು ಬರುವುದು ಇಲ್ಲೇ. ರೋಮ್‌ಪೇಜರ್ ಅನ್ನೋ ಪುಟ್ಟ ಸಾಫ್ಟ್‌ವೇರ್ ಎಷ್ಟೋ ಮೋಡೆಮ್‌ಗಳ ಒಳಗಿತ್ತು. ಅದರಲ್ಲೊಂದು ತೂತು. ಪಾಸ್‌ವರ್ಡ್ ಎಷ್ಟೇ ಗಟ್ಟಿ ಇರಲಿ, ಹೊರಗಿನಿಂದ ಒಂದು ಕುಕೀ, ಅಂದರೆ ಬ್ರೌಸರ್ ಕಳಿಸುವಂಥ ಪುಟ್ಟ ಮಾಹಿತಿ ತುಣುಕು, ಕಳಿಸಿ ಮೋಡೆಮನ್ನೇ ವಶ ಮಾಡಿಕೊಳ್ಳಬಹುದಿತ್ತು. ಸಾಫ್ಟ್‌ವೇರ್ ಬರೆದವರು 2005ರಲ್ಲೇ ಅದನ್ನು ಮುಚ್ಚಿದ್ದರು. 2014ರಲ್ಲಿ ಚೆಕ್ ಪಾಯಿಂಟ್ ಅನ್ನೋ ಸೈಬರ್ ಸುರಕ್ಷತೆ ಕಂಪನಿಯವರು ನೋಡಿದರೆ ಜಗತ್ತಿನಲ್ಲಿ ಸುಮಾರು 1.2 ಕೋಟಿ ಸಾಧನಗಳಲ್ಲಿ ಅದೇ ಹಳೇ ತೂತು! ಒಂಬತ್ತು ವರ್ಷ. ಔಷಧಿ ತಯಾರಿದೆ, ರೋಗಿಗೆ ತಲುಪಿಸುವವರೇ ಇಲ್ಲ. ಹೊಸ ಫರ್ಮ್‌ವೇರ್, ಅಂದರೆ ಮೋಡೆಮ್ ಒಳಗಿನ ಸಾಫ್ಟ್‌ವೇರ್, ಹಾಕೋಕೆ ಕಂಪನಿಗೆ ನಮ್ಮ ಮನೆಗೆ ಬರುವ ಅಗತ್ಯವೂ ಇಲ್ಲ. ಟಿಆರ್-069 ಅನ್ನೋ ವ್ಯವಸ್ಥೆಯಲ್ಲಿ ಅವರು ಕೂತಲ್ಲಿಂದಲೇ ನಮ್ಮ ಮೋಡೆಮ್ ಒಳಗೆ ಕೈ ಹಾಕಬಹುದು. ಆ ವ್ಯವಸ್ಥೆಯ ಬಾಗಿಲು, ಅಂದರೆ 7547 ನಂಬರಿನ ಪೋರ್ಟನ್ನು, ಲೋಕಕ್ಕೆಲ್ಲ ತೆರೆದಿಟ್ಟರೆ ಕಳ್ಳರೂ ಕೈ ಹಾಕುತ್ತಾರೆ, 2016ರ ನವೆಂಬರ್‌ನಲ್ಲಿ ಜರ್ಮನಿಯಲ್ಲಿ 9 ಲಕ್ಷ ಗ್ರಾಹಕರ ನೆಟ್ ಕೆಟ್ಟಿದ್ದು ಹಾಗೆ.

ಚೀಟಿ ಬಂತು, ಸಮಯ ಆಯ್ತಂತೆ. ಕಾನೂನಿನ ಬಗ್ಗೆ ಹೇಳಬೇಕಿತ್ತು, ಒಂದೇ ಮಾತು: ಬ್ರಿಟನ್‌ನಲ್ಲಿ 2024ರ ಏಪ್ರಿಲ್‌ನಿಂದ ಎಲ್ಲ ಸಾಧನಕ್ಕೂ ಒಂದೇ ಪಾಸ್‌ವರ್ಡ್ ಹಾಕಿ ಮಾರುವಂತಿಲ್ಲ. ಇಲ್ಲೂ ಅದನ್ನೇ ಕೇಳೋಣ. ಮನೆಗೆ ಹೋಗಿ ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ, ಹೊರಗಿನಿಂದ ಸೆಟ್ಟಿಂಗ್ ಪುಟ ತೆರೆಯಲು ಬಿಡುವ ರಿಮೋಟ್ ಮ್ಯಾನೇಜ್‌ಮೆಂಟ್, ಬಟನ್ ಒತ್ತಿಯೋ ಪಿನ್ ಹೊಡೆದೋ ವೈಫೈಗೆ ಸೇರಿಸುವ ಡಬ್ಲ್ಯುಪಿಎಸ್ ಎರಡನ್ನೂ ಆಫ್ ಮಾಡಿ. ಹೋಂಸ್ಟೇಯವರು ಅತಿಥಿಗಳಿಗೆ ಮನೆಯದಕ್ಕಿಂತ ಬೇರೆಯಾದ ಗೆಸ್ಟ್ ವೈಫೈ ಕೊಡಿ.

ಹಿಂದಿನ ಸಾಲಿನಲ್ಲಿ ಕೇಬಲ್-ನೆಟ್ ನಡೆಸುವವರು ಕೂತಿದ್ದೀರಿ, ನಿಮ್ಮ ಹತ್ತಿರ ಒಂದು ವಿನಂತಿ. ಮುಂದಿನ ಕನೆಕ್ಷನ್ ಕೊಡುವಾಗ ಐದು ನಿಮಿಷ ಜಾಸ್ತಿ ಕೂತು, ಆ ಮನೆಯವರ ಕೈಯಲ್ಲೇ ಹೊಸ ಪಾಸ್‌ವರ್ಡ್ ಹಾಕಿಸಿ ಬನ್ನಿ.