ತಟ್ಟೆ ಇಡ್ಲಿ ಸ್ಟ್ಯಾಂಡಲ್ಲಿ 12 ಜನಕ್ಕೆ ಅವರವರ ಆಮ್ಲೆಟ್

ಮನೆ ತುಂಬ ನೆಂಟರು, ಬೆಳಗಿನ ತಿಂಡಿಗೆ ಆಮ್ಲೆಟ್. ಒಬ್ಬರಿಗೆ ಈರುಳ್ಳಿ ಆಗಲ್ಲ, ಇನ್ನೊಬ್ಬರಿಗೆ ಖಾರ ಜಾಸ್ತಿ ಬೇಕು, ಮಕ್ಕಳಿಗೆ ಚೀಸ್ ಬಿಟ್ಟು ಬೇರೇನೂ ಕಾಣಬಾರದು. ಒಂದೇ ಕಾವಲಿಯಲ್ಲಿ ಒಂದಕ್ಕೆ 3 ನಿಮಿಷ ಅಂತ ಹಿಡಿದ್ರೂ 12 ಜನಕ್ಕೆ ಅರ್ಧ ಗಂಟೆ ದಾಟುತ್ತೆ. ಮೊದಲು ತಿಂದವರು ಕಾಫಿನೂ ಮುಗಿಸಿರ್ತಾರೆ, ಒಲೆ ಮುಂದೆ ನಿಂತವರು ಇನ್ನೂ ಮೊಟ್ಟೆ ಒಡೀತಿರ್ತಾರೆ.

ಇದಕ್ಕೆ ಸುಲಭವಾದ ದಾರಿ ತಟ್ಟೆ ಇಡ್ಲಿ ಸ್ಟ್ಯಾಂಡು. ಒಬ್ಬರಿಗೆ ಒಂದು ತಟ್ಟೆ, ಒಂದು ಸಲಕ್ಕೆ 4ರಿಂದ 6 ಆಮ್ಲೆಟ್ ಹಬೆಯಲ್ಲಿ ಒಟ್ಟಿಗೆ ಬೇಯುತ್ತವೆ. ಜಿಪ್ ಕವರಲ್ಲಿ ಮೊಟ್ಟೆ ಹಾಕಿ ಕುದಿಯೋ ನೀರಿಗೆ ಬಿಡೋ ವಿಡಿಯೋಗಳನ್ನ ನೋಡಿರ್ತೀರಿ. ಮಾಮೂಲಿ ಜಿಪ್ ಕವರು ಕುದಿಸೋಕೆ ಅಂತ ಮಾಡಿದ್ದಲ್ಲ. ಮನೆಯಲ್ಲಿ ಸ್ಟೀಲ್ ತಟ್ಟೆ ಇರುವಾಗ ಅದರ ಸಹವಾಸ ಯಾಕೆ?

ಮೊದಲು ತಟ್ಟೆಗಳನ್ನ ಬೆಳಕಿಗೆ ಹಿಡಿದು ನೋಡಿ. ಕೆಲವದರಲ್ಲಿ ಹಬೆ ಹೋಗೋಕೆ ಸಣ್ಣ ತೂತುಗಳಿರುತ್ತೆ. ಇಡ್ಲಿ ಹಿಟ್ಟು ಗಟ್ಟಿ, ನಿಲ್ಲುತ್ತೆ. ಮೊಟ್ಟೆ ನಿಲ್ಲಲ್ಲ, ಎಲ್ಲಾ ಕೆಳಗಿನ ನೀರಿಗೆ ಸೋರುತ್ತೆ. ತೂತಿಲ್ಲದ ತಟ್ಟೆನೇ ಬೇಕು. ಆಮೇಲೆ ಒಂದು ತಟ್ಟೆಗೆ ಎಷ್ಟು ನೀರು ಹಿಡಿಯುತ್ತೆ ಅಂತ ಅಳೆದುಕೊಳ್ಳಿ. 150 ಮಿಲಿ ಹಿಡಿದ್ರೆ ಎರಡು ಮೊಟ್ಟೆಯ ಆಮ್ಲೆಟ್ ಆರಾಮಾಗಿ ಕೂರುತ್ತೆ. ಅದಕ್ಕಿಂತ ಚಿಕ್ಕದಿದ್ರೆ ತಲಾ ಒಂದೂವರೆ ಮೊಟ್ಟೆಗೆ ಇಳಿಸಿ.

12 ಜನಕ್ಕೆ 24 ಮೊಟ್ಟೆ, 120 ಮಿಲಿ ಹಾಲು, ಮಟ್ಟಸವಾಗಿ ಎರಡು ಟೀ ಚಮಚ ಪುಡಿ ಉಪ್ಪು, ಒಂದು ಟೀ ಚಮಚ ಕಾಳುಮೆಣಸಿನ ಪುಡಿ, ಕಾಲು ಚಮಚ ಅರಿಶಿನ. ಅರಿಶಿನ ಬರೀ ಬಣ್ಣಕ್ಕೆ, ಬಿಟ್ರೂ ನಡೆಯುತ್ತೆ. ಒಂದೊಂದೇ ಮೊಟ್ಟೆಯನ್ನ ಸಣ್ಣ ಬಟ್ಟಲಿಗೆ ಒಡೆದು, ವಾಸನೆ ನೋಡಿ, ಆಮೇಲೆ ದೊಡ್ಡ ಪಾತ್ರೆಗೆ ಸುರೀರಿ. ಇಪ್ಪತ್ಮೂರು ಒಳ್ಳೆ ಮೊಟ್ಟೆಯನ್ನ ಕೆಡಿಸೋಕೆ ಒಂದು ಕೊಳೆತದ್ದು ಸಾಕು.

ಕಲಸೋವಾಗ ಬಿಳಿ, ಹಳದಿ ಸೇರಿದ್ರೆ ಸಾಕು. ಕಾವಲಿ ಆಮ್ಲೆಟ್‌ಗೆ ಮಾಡೋ ಹಾಗೆ ನೊರೆ ಬರೋವರೆಗೂ ಬಡಿಬೇಡಿ. ನೊರೆ ಇದ್ರೆ ಹಬೆಯಲ್ಲಿ ಉಬ್ಬಿ ಮೇಲಿನ ತಟ್ಟೆಗೆ ತಾಗುತ್ತೆ, ಹೊರಗೆ ತೆಗೆದ ತಕ್ಷಣ ಕುಸಿದು ಸುಕ್ಕಾಗುತ್ತೆ. ರಾತ್ರಿನೇ ಕಲಸಿಡೋದಾದ್ರೆ ಮುಚ್ಚಿ ಫ್ರಿಜ್ಜಲ್ಲಿಡಿ, ಅಡುಗೆಮನೆ ಕಟ್ಟೆ ಮೇಲೆ ಬೇಡ. ತಣ್ಣಗಿರೋ ಮಿಶ್ರಣಕ್ಕೆ ಬೇಯೋಕೆ ಒಂದೆರಡು ನಿಮಿಷ ಜಾಸ್ತಿ ಬೇಕು.

ಈಗ ಆಮ್ಲೆಟ್‌ಗೆ ಸೇರಿಸೋ ಈರುಳ್ಳಿ, ಸೊಪ್ಪು, ಚೀಸ್ ಇತ್ಯಾದಿಗಳ ಬಟ್ಟಲುಗಳು. ಹೆಚ್ಚಿನವರು ಎಡವೋದು ಇಲ್ಲೇ. ಕಾವಲಿಯಲ್ಲಿ ಹಸಿ ಈರುಳ್ಳಿ ಎಣ್ಣೆಗೆ ತಾಗಿ ಹುರಿಯುತ್ತೆ. ಹಬೆಗೆ ಆ ಶಕ್ತಿ ಇಲ್ಲ, ಹಸಿ ವಾಸನೆ ಹಾಗೇ ಉಳಿಯುತ್ತೆ. ಅದಕ್ಕೇ 4 ಈರುಳ್ಳಿಯನ್ನ ಸಣ್ಣಗೆ ಹೆಚ್ಚಿ, ಒಂದು ಚಮಚ ಎಣ್ಣೆಯಲ್ಲಿ ಮೂರು ನಾಲ್ಕು ನಿಮಿಷ ಬಾಡಿಸಿ, ಆರಿಸಿಡಿ. ಅಣಬೆಯಾದ್ರೆ ನೀರು ಬಿಟ್ಟು, ಆ ನೀರು ಪೂರ್ತಿ ಇಂಗೋವರೆಗೂ ಹುರೀಬೇಕು. ಟೊಮೆಟೊ ಬೀಜ, ರಸ ತೆಗೆದು ತಿರುಳು ಮಾತ್ರ. ರಸ ಸೇರಿದ್ರೆ ಆಮ್ಲೆಟ್ ತಳದಲ್ಲಿ ನೀರು ನಿಲ್ಲುತ್ತೆ, ಆಗ ನೀವು ಮೊಟ್ಟೆನ ಬೈತೀರಿ, ತಪ್ಪು ಟೊಮೆಟೊದ್ದು. ಸೊಪ್ಪನ್ನೂ ಬಾಡಿಸಿ ಹಿಂಡಿ. ಸಬ್ಬಸಿಗೆ ಮಾತ್ರ ಹಸಿಯಾಗೇ ಚೆನ್ನ, ಒಂದು ಚಿಟಿಕೆ ಸಾಕು, ಘಮ ಜೋರು. ಖೀಮಾ, ಸಾಸೇಜ್ ಮೊದಲೇ ಪೂರ್ತಿ ಬೆಂದಿರಬೇಕು. ಈ ಹತ್ತು ನಿಮಿಷದ ಹಬೆಯನ್ನ ನಂಬಿ ಹಸಿ ಮಾಂಸ ಹಾಕೋ ಹಾಗಿಲ್ಲ. ಹಸಿಮೆಣಸು, ಕೊತ್ತಂಬರಿ, ತುರಿದ ಚೀಸ್, ಸಣ್ಣಗೆ ಹೆಚ್ಚಿದ ದೊಣ್ಣೆಮೆಣಸು ಬೇರೆ ಬೇರೆ ಬಟ್ಟಲಲ್ಲಿ, ಪ್ರತಿಯೊಂದಕ್ಕೂ ಅದರದ್ದೇ ಚಮಚ.

ಒಬ್ಬರಿಗೆ ಎಲ್ಲಾ ಸೇರಿ ಎರಡು ದೊಡ್ಡ ಚಮಚ ಮಾತ್ರ. ಇದು ನೆಂಟರ ಎದುರು ಹೇಳೋಕೆ ಮುಜುಗರದ ಮಾತು, ಆದ್ರೂ ಹೇಳಿ. ತುಂಬಿಸಿದ್ರೆ ಮೊಟ್ಟೆಗೆ ಹಿಡಿತ ಸಿಗಲ್ಲ, ಮಗುಚುವಾಗ ಒಡೆಯುತ್ತೆ.

ತಟ್ಟೆಗೆ ಅರ್ಧ ಟೀ ಚಮಚ ಎಣ್ಣೆ ಅಥವಾ ತುಪ್ಪ ಅಂಚಿನವರೆಗೂ ಸವರಿ. ಇಡ್ಲಿಗಿಂತ ಮೊಟ್ಟೆ ಜಾಸ್ತಿ ಹಿಡ್ಕೊಳ್ಳುತ್ತೆ. ಮೊದಲು ಅವರವರಿಗೆ ಬೇಕಾದ್ದನ್ನ ಹರಡಿ, ಮೇಲೆ 100 ಮಿಲಿ ಮಿಶ್ರಣ. ಪ್ರತಿ ಸಲ ಸೌಟಿಂದ ತಳ ಕಲಕಿ ತೆಗೀರಿ, ಇಲ್ಲಾಂದ್ರೆ ಮೆಣಸಿನ ಪುಡಿಯೆಲ್ಲ ಕೊನೆಯವರ ಪಾಲಿಗೆ. ಯಾರದ್ದು ಯಾವುದು ಅಂತ ಗೊತ್ತಾಗೋಕೆ, ಸ್ಟ್ಯಾಂಡಿಗೆ ಇಡೋ ಕ್ರಮವನ್ನ ಮೇಲಿಂದ ಕೆಳಗೆ ಒಂದು ಚೀಟಿಯಲ್ಲಿ ಬರ್ಕೊಳ್ಳಿ. ಖಾರದವುಗಳ ಮೇಲೆ ಒಂದು ಕರಿಬೇವಿನ ಎಲೆ ಇಟ್ಬಿಟ್ರೆ ಮಕ್ಕಳ ತಟ್ಟೆಗೆ ತಪ್ಪಿ ಹೋಗಲ್ಲ.

ನೀರು ಕುದಿ ಬಂದ ಮೇಲೇ ಸ್ಟ್ಯಾಂಡ್ ಇಳಿಸಿ. ಕುಕ್ಕರಾದ್ರೆ ವೆಯ್ಟ್ ಹಾಕಬೇಡಿ. ಮುಚ್ಚಳಕ್ಕೆ ತೆಳು ಬಟ್ಟೆ ಕಟ್ಟಿ, ಅಂಚನ್ನ ಮೇಲಕ್ಕೆ ಗಂಟು ಹಾಕಿ. ಬೆಂಕಿಗೆ ತಾಗಬಾರದು, ಮುಚ್ಚಳದ ನೀರು ಮೇಲಿನ ತಟ್ಟೆಗೆ ತೊಟ್ಟಿಕ್ಕಲೂಬಾರದು. ಮಧ್ಯಮ ಉರಿ, 8ರಿಂದ 10 ನಿಮಿಷ. ಉರಿ ಜೋರಾದ್ರೆ ಒಳಗೆಲ್ಲ ಸ್ಪಂಜಿನ ಹಾಗೆ ತೂತು ಬಿದ್ದು ನೀರು ಬಿಡುತ್ತೆ. ತುಂಬಾ ಹೊತ್ತು ಬಿಟ್ರೆ ಹಸಿರು ಛಾಯೆ: ಬಿಳಿಯಲ್ಲಿರೋ ಗಂಧಕ ಹಳದಿಯ ಕಬ್ಬಿಣದ ಜತೆ ಸೇರೋದ್ರಿಂದ ಆಗೋದು. ತಿಂದ್ರೆ ತೊಂದ್ರೆ ಇಲ್ಲ, ನೋಡೋಕೆ ಚೆನ್ನಾಗಿರಲ್ಲ ಅಷ್ಟೇ. ನಡುವೆ ಚಾಕು ಚುಚ್ಚಿ ನೋಡಿ. ಹಸಿ ದ್ರವ ಅಂಟದಿದ್ರೆ ಆಯ್ತು.

ಇಳಿಸಿ ಒಂದು ನಿಮಿಷ ಬಿಟ್ಟು, ಅಂಚಿಗೆ ಚಾಕು ಆಡಿಸಿ, ಮಗುಚಿ. ಹಬೆಯ ಆಮ್ಲೆಟ್ ಮೆತ್ತಗಿರುತ್ತೆ, ಕಂದು ಬಣ್ಣ ಬರಲ್ಲ. ಗರಿ ಬೇಕು ಅನ್ನೋರಿಗೆ ಕಾದ ಕಾವಲಿ ಮೇಲೆ ಸ್ವಲ್ಪ ತುಪ್ಪ ಬಿಟ್ಟು ಒಂದೊಂದು ಬದಿಗೆ ಅರ್ಧ ನಿಮಿಷ. ದೊಡ್ಡ ಕಾವಲಿಯಲ್ಲಿ ಮೂರು ಒಟ್ಟಿಗೆ ಹಿಡಿಯುತ್ತೆ. ಅಷ್ಟರಲ್ಲಿ ಎರಡನೇ ಸುತ್ತು ಬೇಯ್ತಾ ಇರುತ್ತೆ. ಜತೆಗೆ ಬ್ರೆಡ್ಡೋ ಅಕ್ಕಿ ರೊಟ್ಟಿಯೋ, ಮೇಲೊಂದಿಷ್ಟು ಚಟ್ನಿಪುಡಿ.

ಮೊಟ್ಟೆ ತಿನ್ನದವರಿದ್ರೆ ಕಡಲೆಹಿಟ್ಟಿನ ಟೊಮೆಟೊ ಆಮ್ಲೆಟ್ ಮಾಡಿಕೊಡಿ. ಆದ್ರೆ ಅದು ಬೇರೆ ಕಾವಲಿ, ಬೇರೆ ಮಗುಚುಕಾಯಿ, ಮೊದಲ ಸರದಿ. ಇದರಲ್ಲಿ ರಾಜಿ ಬೇಡ.

ಕೊನೆಗೆ ತಟ್ಟೆ ತೊಳೆಯೋದು. ಬಿಸಿನೀರು ಹಾಕಿದ್ರೆ ಅಂಟಿರೋ ಮೊಟ್ಟೆ ಇನ್ನೂ ಗಟ್ಟಿಯಾಗಿ ಹಿಡಿಯುತ್ತೆ. ತಣ್ಣೀರಲ್ಲಿ ಹತ್ತು ನಿಮಿಷ ನೆನೆಸಿ, ಉಜ್ಜಿ, ಆಮೇಲೆ ನಿಂಬೆ ಸಿಪ್ಪೆ ಇಲ್ಲ ಕಡಲೆಹಿಟ್ಟಲ್ಲಿ ಇನ್ನೊಂದು ಸಲ ತಿಕ್ಕಿ, ಬಿಸಿಲಿಗಿಡಿ. ನಾಳೆ ಅದರಲ್ಲೇ ಇಡ್ಲಿ ಹೊಯ್ಯೋದಿದ್ರೆ ಆ ಎರಡನೇ ತಿಕ್ಕು ಬಿಡೋ ಹಾಗಿಲ್ಲ.