ಎಮ್ಮೆಯ ದೆಸೆಯಿಂದ ಲಿಫ್ಟು: ಮಕ್ಕಳಿಗೆ ಕಥೆ ಕಟ್ಟುವುದನ್ನು ತೋರಿಸೋದು ಹೇಗೆ?

ನಮಸ್ಕಾರ. ಹೋದ ವಾರ ನಮ್ಮಕ್ಕನ ಮಗಳಿಗೆ ಪುಣ್ಯಕೋಟಿ ಕಥೆ ಹೇಳುತ್ತಿದ್ದೆ. ಅವಳಿಗೆ ಐದು ವರ್ಷ. ಹುಲಿ ಬರುವ ಜಾಗದಲ್ಲಿ ನನ್ನ ಬಾಯಿಗೆ ಕೈ ಅಡ್ಡ ಹಿಡಿದು ಕೇಳಿದಳು: "ಮಾಮ, ಹುಲಿಗೆ ಅರ್ಬುತ ಅಂತ ಹೆಸರಿಟ್ಟಿದ್ದು ಅದರ ಅಮ್ಮನಾ, ಕಥೆ ಮಾಡಿದವರಾ?"

ಎಂಥ ಪ್ರಶ್ನೆ ನೋಡಿ! ಕಥೆ ಅನ್ನೋದು ಸುಮ್ನೆ ಮರದಿಂದ ಉದುರಲ್ಲ, ಅದನ್ನು ಯಾರೋ ಮಾಡಿರುತ್ತಾರೆ ಅನ್ನೋ ಗುಮಾನಿ ಆಗಲೇ ಬಂದುಬಿಟ್ಟಿದೆ. "ಕಥೆ ಮಾಡಿದವರು" ಅಂದೆ. "ಹಂಗಾದ್ರೆ ನಾನೂ ಮಾಡ್ತೀನಿ. ಹೇಗೆ ಮಾಡೋದು?"

ಇಲ್ಲಿ ನಾನು ಎಡವಿದೆ. ಕಥೆಗೆ ಒಂದು ಪಾತ್ರ ಬೇಕು, ಒಂದು ಊರು ಬೇಕು, ಒಂದು ತೊಂದರೆ ಬೇಕು, ಕೊನೆಗೆ ಅದು ಬಗೆಹರಿಯಬೇಕು ಅಂತ ಪಾಠ ಶುರು ಮಾಡಿದೆ. ಇದೇನೂ ಸುಳ್ಳಲ್ಲ. ಆದರೆ ರೇಷನ್ ಕಾರ್ಡಿನ ಅರ್ಜಿ ತುಂಬಿಸಿದ ಹಾಗಿತ್ತು. ಹುಡುಗಿ ಎದ್ದು ಬಿಸ್ಕತ್ತಿನ ಡಬ್ಬಿ ಕಡೆ ಹೋದಳು. ಬೇಸಿಕ್ಸ್ ಅಷ್ಟೇ, ಮುಗಿಯಿತು. ಈಗ ಮಜಾ ಇರುವ ಕಡೆ ಹೋಗೋಣ.

ಇಟಲಿಯಲ್ಲಿ ಜಾನ್ನಿ ರೊದಾರಿ ಅಂತ ಒಬ್ಬರಿದ್ದರು. ಹುಟ್ಟಿದ್ದು 1920ರಲ್ಲಿ. ಮೊದಲು ಮೇಷ್ಟ್ರು, ಆಮೇಲೆ ಪತ್ರಕರ್ತ, ಜೊತೆಗೆ ಮಕ್ಕಳ ಕಥೆಗಾರ. 1972ರ ಮಾರ್ಚ್‌ನಲ್ಲಿ ರೆಜ್ಜೊ ಎಮಿಲಿಯಾ ಎಂಬ ಊರಿನ ಶಿಕ್ಷಕರ ಜೊತೆ ಕೂತು, ಕಥೆ ಹುಟ್ಟುವುದು ಹೇಗೆ ಅಂತ ಕೆಲವು ದಿನ ಮಾತಾಡಿದರು. ಮರುವರ್ಷ ಅದೇ ಪುಸ್ತಕವಾಯಿತು. ಅದರ ಹೆಸರನ್ನು ಕನ್ನಡಕ್ಕೆ ತಂದರೆ 'ಕಲ್ಪನೆಯ ವ್ಯಾಕರಣ'. ತಾಳಿ ತಾಳಿ, ವ್ಯಾಕರಣ ಅಂದ ಕೂಡಲೇ ವಿಡಿಯೋ ಮುಚ್ಚಬೇಡಿ.

ರೊದಾರಿ ಹೇಳುವ ಆಟ ಹೀಗಿದೆ. ಒಂದು ಮಗು ಬಂದು ಕಪ್ಪು ಹಲಗೆಯ ಈಚೆ ಬದಿಯಲ್ಲಿ ಒಂದು ಪದ ಬರೆಯುತ್ತದೆ. ಇನ್ನೊಂದು ಮಗು ಹಲಗೆಯ ಹಿಂಬದಿಯಲ್ಲಿ, ಯಾರಿಗೂ ಕಾಣದ ಹಾಗೆ, ಇನ್ನೊಂದು ಪದ ಬರೆಯುತ್ತದೆ. ಈಚೆ 'ನಾಯಿ' ಅಂತಿದೆ. ಹಲಗೆ ತಿರುಗಿಸಿದರೆ, ಆಚೆ 'ಬೀರು'. ಇಡೀ ಕ್ಲಾಸು ನಗುತ್ತದೆ. ನಾಯಿ ಒಂದೇ ಇದ್ದರೆ ಅದು ಬರೀ ನಾಯಿ. ಬೀರುವಿನ ಪಕ್ಕ ಬಂದ ಕೂಡಲೇ ಅದರ ಮೇಲೆ ಅನುಮಾನ ಶುರುವಾಗುತ್ತದೆ, ಇದಕ್ಕೆ ಇಲ್ಲೇನು ಕೆಲಸ ಅಂತ. ಎರಡೂ ಪದ ಒಂದಕ್ಕೊಂದು ದೂರದವಾಗಿರಬೇಕು. 'ಕುದುರೆ, ನಾಯಿ' ಅಂದರೆ ನಡೆಯಲ್ಲ. ಎರಡೂ ಪ್ರಾಣಿಗಳೇ, ನೆಂಟರ ಮನೆಗೆ ನೆಂಟರು ಬಂದ ಹಾಗೆ.

ಆಮೇಲೆ ರೊದಾರಿ ಎರಡು ಪದಗಳ ನಡುವೆ ಇಟಾಲಿಯನ್ನಿನ ಪುಟ್ಟ ಪುಟ್ಟ ಪದಗಳನ್ನು ಸಿಕ್ಕಿಸುತ್ತಾರೆ. ಬೀರುವಿನಲ್ಲಿ ನಾಯಿ. ಬೀರುವಿನ ಮೇಲೆ ನಾಯಿ. ನಾಯಿಯ ಬೀರು. ಒಂದೊಂದೂ ಒಂದೊಂದು ಕಥೆಯ ಬಾಗಿಲು.

ಇದನ್ನು ಓದುವಾಗ ನನಗೆ ರೋಮಾಂಚನ ಆಯಿತು. ಯಾಕೆ ಗೊತ್ತಾ? ಈ ಪುಟ್ಟ ಪದಗಳ ಕೆಲಸವನ್ನು ಕನ್ನಡದಲ್ಲಿ ಯಾರು ಮಾಡುತ್ತಾರೆ? ವಿಭಕ್ತಿ ಪ್ರತ್ಯಯ! ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ. ಹೈಸ್ಕೂಲಿನಲ್ಲಿ ರಾಗವಾಗಿ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಸಂಜೆಯೇ ಮರೆತಿದ್ದೆವಲ್ಲ, ಅದೇ. ಅದು ಕಥೆ ಮಾಡುವ ಯಂತ್ರ ಅಂತ ನಮಗೆ ಯಾರೂ ಹೇಳಲೇ ಇಲ್ಲ.

ಮನೆಯಲ್ಲೇ ಪರೀಕ್ಷೆ ಮಾಡಿದೆ. ಹುಡುಗಿಗೆ ಬರೆಯಲು ಬರಲ್ಲ, ಹಾಗಾಗಿ ಚೀಟಿಯಲ್ಲಿ ಚಿತ್ರ. ಒಂದು ಅವಳದು, ಇನ್ನೊಂದು ಅವಳ ಅಜ್ಜಿಯದು. ಕದ್ದು ನೋಡುವಂತಿಲ್ಲ. ಅವಳ ಚೀಟಿಯಲ್ಲಿ ಚೌಕ, ಅದರ ತುಂಬ ಗುಂಡಿಗಳು: ಲಿಫ್ಟು. ಅಜ್ಜಿಯದು ಕೊಂಬು ಬಂದ ಸೋಫಾ ಥರ ಇತ್ತು. ಎಮ್ಮೆಯಂತೆ.

[ಪರದೆಯ ಮೇಲೆ ಎರಡೂ ಚೀಟಿ]

ಈಗ ಬಾಲ ಹಚ್ಚೋಣ. ಲಿಫ್ಟಿನಲ್ಲಿ ಎಮ್ಮೆ: ಜಾಗ ಸಿಕ್ಕಿತು. ಎಮ್ಮೆಯ ಲಿಫ್ಟು: ಅಂದರೆ ಎಮ್ಮೆ ಓನರ್, ನಾವು ಬಾಡಿಗೆಯವರು. ಎಮ್ಮೆಗೆ ಲಿಫ್ಟು: ಇದು ಬೇರೆಯೇ ಕಥೆ, ಯಾರೋ ಸ್ಕೂಟರ್ ನಿಲ್ಲಿಸಿದ್ದಾರೆ! 'ಗೆ' ಅನ್ನೋ ಒಂದೇ ಅಕ್ಷರಕ್ಕೆ ಎಮ್ಮೆ ಅಪಾರ್ಟ್‌ಮೆಂಟಿನಿಂದ ರಸ್ತೆಗೆ ಬಂತು.

ನನ್ನ ಫೇವರಿಟ್ ಅಂದರೆ ಪಂಚಮಿ, ದೆಸೆಯಿಂದ. ದಿನದ ಮಾತಿನಲ್ಲಿ ಅದನ್ನು ಬಳಸುವವರನ್ನು ನಾನಂತೂ ನೋಡಿಲ್ಲ. ಪಟ್ಟಿಯಲ್ಲಿ ಯಾಕಿದೆ ಅಂತ ಹತ್ತನೇ ಕ್ಲಾಸಿನವರೆಗೂ ಬೈದುಕೊಂಡಿದ್ದೆ. ಈಗ ಹೇಳಿ ನೋಡಿ: ಎಮ್ಮೆಯ ದೆಸೆಯಿಂದ ಲಿಫ್ಟು... ಲಿಫ್ಟು ಏನಾಯಿತು? ನಿಮ್ಮ ಮನಸ್ಸಿನಲ್ಲಿ ಆಗಲೇ ಏನೋ ಆಗಿಹೋಯಿತು, ಅಲ್ವಾ? ಮಿಕ್ಕ ಪ್ರತ್ಯಯಗಳು ಎಮ್ಮೆಯನ್ನು ಒಂದು ಕಡೆ ತಂದು ನಿಲ್ಲಿಸುತ್ತವೆ. ದೆಸೆಯಿಂದ ಅನ್ನೋದು ಕಾರಣ ಕೇಳುತ್ತದೆ.

ಪುಟ್ಟಿಗೆ ಇದ್ಯಾವುದರ ಹೆಸರೂ ಹೇಳಲಿಲ್ಲ. "ಎಮ್ಮೆಯಿಂದ ಲಿಫ್ಟಿಗೆ ಏನಾಯ್ತು?" ಅಂತ ಕೇಳಿದೆ, ಅಷ್ಟೇ.

"ನಿಂತೋಯ್ತು. ಬಾಲ ಬಾಗಿಲಿಗೆ ಸಿಕ್ಕಾಕೊಂಡಿದೆ."

"ಎಮ್ಮೆ ಲಿಫ್ಟಿಗೆ ಯಾಕೆ ಬಂತು?"

"ಕೆರೆಗೆ ಹೋಗ್ಬೇಕಿತ್ತು. ಕೆರೆ ಎಷ್ಟನೇ ಫ್ಲೋರು ಅಂತ ಅದಕ್ಕೆ ಗೊತ್ತಿಲ್ಲ."

ಬೆಂಗಳೂರಿನ ಮಗು, ಪಾಪ. ನಮ್ಮ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದೇ ಧರ್ಮಾಂಬುಧಿ ಕೆರೆಯ ಜಾಗದಲ್ಲಿ. ಹಾಗೆ ನೋಡಿದರೆ ಉತ್ತರ 'ಬೇಸ್‌ಮೆಂಟು'. ನಾನು ಬಾಯಿಬಿಡಲಿಲ್ಲ. ಕಥೆ ಅವಳದು.

ಟೈಮ್ ಆಗ್ತಾ ಬಂತು, ಉಳಿದಿದ್ದು ಬೇಗ ಬೇಗ. ರೊದಾರಿಯವರದೇ ಇನ್ನೊಂದು ಉಪಾಯ, ಗೊತ್ತಿರುವ ಕಥೆಯನ್ನು ಬೇಕಂತಲೇ ತಪ್ಪಾಗಿ ಹೇಳುವುದು. "ಆಗ ಪುಣ್ಯಕೋಟಿ ಮುಂದೆ ಒಂದು ಬೆಕ್ಕು ಹಾರಿತು" ಅನ್ನಿ, ಮಗು ಕಿರುಚಿಕೊಂಡು ತಿದ್ದುತ್ತದೆ. ಆಗ "ಬೆಕ್ಕೇ ಆಗಿದ್ದರೆ?" ಅಂತ ಕೇಳಿ. ಒಂದು ತುಂಡು ಬದಲಿಸಿದರೆ ಮಿಕ್ಕಿದ್ದೆಲ್ಲ ಅಲುಗಾಡುತ್ತದೆ ಅನ್ನೋದು ಅದಕ್ಕೇ ಕಾಣುತ್ತದೆ. ಇನ್ನು ಅಮೆರಿಕದ ಶಿಕಾಗೋದಲ್ಲಿ ವಿವಿಯನ್ ಪೇಲಿ ಅಂತ ಕಿಂಡರ್‌ಗಾರ್ಟನ್ ಟೀಚರ್ ಇದ್ದರು. ಮಕ್ಕಳು ಹೇಳಿದ ಕಥೆಯನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳುತ್ತಿದ್ದರು, ಆಮೇಲೆ ಇಡೀ ಕ್ಲಾಸು ಅದನ್ನು ಆಡಿ ತೋರಿಸುತ್ತಿತ್ತು. ಕಥೆ ಮೂರೇ ಸಾಲಿದ್ದರೂ ಸರಿ. ನೀವೂ ಬರೆದುಕೊಳ್ಳಿ, ಆದರೆ ತಿದ್ದಬೇಡಿ. ಕೊನೆಯಲ್ಲಿ ನೀತಿ ಅಂಟಿಸುವ ಅಪ್ಪ ಅಮ್ಮಂದಿರೇ, ನಿಮಗೂ ಇದೇ ಮಾತು. ಎಮ್ಮೆಯಿಂದ ಯಾರೂ ಏನೂ ಕಲಿಯಬೇಕಾಗಿಲ್ಲ.

ನಾನೂ ಬರೆದುಕೊಂಡೆ. ಮಧ್ಯದಲ್ಲಿ ಪೆನ್ನು ನಿಲ್ಲಿಸಿ ಕೇಳಿದೆ, "ಎಮ್ಮೆ ಹೆಸರೇನು?"

ಸ್ವಲ್ಪ ಹೊತ್ತು ಯೋಚಿಸಿದಳು. "ಅದರ ಅಮ್ಮನ್ನ ಕೇಳ್ಬೇಕು. ತಾಳು ಮಾಮ, ಅವಳನ್ನೂ ಕಥೆಗೆ ಕರೀತೀನಿ."